ಉಳಿದದ್ದೆಲ್ಲ ಸಿಗ್ತು, ಇನಿಟ್ ಮಾತ್ರ ಸಿಗ್ಲಿಲ್ಲ: ಟೆಸೆರಾಕ್ಟ್ ಲಿಂಕರ್ ಎರರ್‌ನ ಒಂದು ಪೂರ್ತಿ ಪ್ರಕರಣ

ಹಳೆ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳಿಂದ ಅಕ್ಷರ ಎತ್ತೋಕೆ ನಾವೊಂದು ಸಣ್ಣ ಸಿ++ ಲೈಬ್ರರಿ ಬರೀತಿದ್ವಿ. ಓದೋ ಕೆಲಸ ಎಲ್ಲಾ ಟೆಸೆರಾಕ್ಟ್‌ದು (ಚಿತ್ರದಿಂದ ಅಕ್ಷರ ಗುರುತಿಸೋ ಲೈಬ್ರರಿ), ಅದರ ಕೆಳಗೆ ಚಿತ್ರದ ಕೆಲಸಕ್ಕೆ ಲೆಪ್ಟೋನಿಕಾ, ನಮ್ಮದು ಮೇಲಿನ ತೆಳು ಪದರ ಅಷ್ಟೆ: ಓರೆಯಾದ ಪುಟ ನೇರ ಮಾಡೋದು, ಕಾಲಂ ಬೇರೆ ಮಾಡೋದು, ಒತ್ತಕ್ಷರ ಅನುಮಾನ ಇರೋ ಕಡೆ ಗುರುತು ಹಾಕೋದು, ಕೊನೆಗೆ ಪೈಥಾನ್‌ನಿಂದ ಕರೆಯೋಕಾಗೋ ಒಂದು .ಎಸ್‌ಒ ಫೈಲ್ (ಶೇರ್ಡ್ ಲೈಬ್ರರಿ, ಓಡುವಾಗ ಲೋಡ್ ಆಗೋದು). ಕೋಡ್ ಚೆನ್ನಾಗೇ ಕಂಪೈಲ್ ಆಗ್ತಿತ್ತು, ಒಂದು ವಾರ್ನಿಂಗ್ ಕೂಡ ಇಲ್ಲ, ಲಿಂಕ್ ಹಂತಕ್ಕೆ, ಅಂದ್ರೆ ಕಂಪೈಲ್ ಆದ ತುಂಡುಗಳನ್ನೂ ಲೈಬ್ರರಿಗಳನ್ನೂ ಲಿಂಕರ್ ಜೋಡಿಸೋ ಹಂತಕ್ಕೆ, ಬಂದ ತಕ್ಷಣ ನಿಂತ್‌ಬಿಡ್ತು. ಅದನ್ನ ಬಿಡಿಸಿದ್ಮೇಲೆ ಬೇರೆ ಥರದ ಇನ್ನೆರಡು ತೊಂದರೆ ಸಾಲಾಗಿ ಬಂದ್ವು. ಮೂರೂ ತುಂಬಾ ಜನಕ್ಕೆ ಬರೋಂಥವೇ, ಅದಕ್ಕೆ ಹೇಗೆ ನೋಡಿದ್ವಿ ಅಂತ ಪೂರ್ತಿ ಬರೀತಿದೀನಿ.

ಮೊದಲು ಮಷೀನ್ ಸ್ಥಿತಿ ಹೇಳ್ತೀನಿ, ಇಂಥ ಎರರ್‌ನಲ್ಲಿ ಉತ್ತರ ಕೋಡ್ ಒಳಗೆ ಸಿಗೋದು ಕಮ್ಮಿ, ಮಷೀನ್ ಒಳಗೆ ಸಿಗೋದೇ ಜಾಸ್ತಿ. ಉಬುಂಟು 22.04. ಅದರ ರೆಪೋದಲ್ಲಿ ಬರೋ ಟೆಸೆರಾಕ್ಟ್ 4.1.1, ಅದರ ಡೆವ್ ಪ್ಯಾಕೇಜ್ (ಲೈಬ್ರರಿ ಬಳಸಿ ಬಿಲ್ಡ್ ಮಾಡೋಕೆ ಬೇಕಾದ ಫೈಲ್‌ಗಳು) ಮೊದಲಿಂದಲೂ ಹಾಕಿತ್ತು. ಆಮೇಲೆ ಟೀಮ್‌ನಲ್ಲಿ 5ನೇ ಆವೃತ್ತಿಗೆ ಹೋಗೋಣ ಅಂತಾಯ್ತು (5.0 ಬಂದಿದ್ದು 2021ರ ನವೆಂಬರ್‌ನಲ್ಲಿ), ಸೋರ್ಸ್ ತಂದು ಬಿಲ್ಡ್ ಮಾಡಿ /ಯುಎಸ್‌ಆರ್/ಲೋಕಲ್ ಒಳಗೆ ಇನ್‌ಸ್ಟಾಲ್ ಮಾಡಿದ್ರು. ಹಳೇದನ್ನ ಯಾರೂ ತೆಗೀಲಿಲ್ಲ, ಬೇರೆ ಟೂಲ್‌ಗಳು ಅದನ್ನ ಬಳಸ್ತಿದ್ವು. ಎರಡು ಆವೃತ್ತಿ ಒಂದೇ ಮಷೀನಲ್ಲಿ ಇರೋದು ಅಪರೂಪದ ವಿಷಯ ಏನಲ್ಲ, ನಿಮ್ಮಲ್ಲಿ ಅರ್ಧ ಜನರ ಲ್ಯಾಪ್‌ಟಾಪ್ ಹೀಗೇ ಇರತ್ತೆ.

ಬಂದ ಎರರ್ ಇದು, ನಡುವೆ ಸ್ವಲ್ಪ ಚಿಕ್ಕದು ಮಾಡಿದೀನಿ:

ಅನ್‌ಡಿಫೈನ್ಡ್ ರೆಫರೆನ್ಸ್ ಟು ಟೆಸೆರಾಕ್ಟ್::ಟೆಸ್‌ಬೇಸ್‌ಎಪಿಐ::ಇನಿಟ್(ಚಾರ್ ಕಾನ್ಸ್ಟ್*, ಚಾರ್ ಕಾನ್ಸ್ಟ್*, ಟೆಸೆರಾಕ್ಟ್::ಒಸಿಆರ್‌ಎಂಜಿನ್‌ಮೋಡ್, ಚಾರ್**, ಇಂಟ್, ಎಸ್‌ಟಿಡಿ::ವೆಕ್ಟರ್<ಎಸ್‌ಟಿಡಿ::__ಸಿಎಕ್ಸ್‌ಎಕ್ಸ್11::ಬೇಸಿಕ್_ಸ್ಟ್ರಿಂಗ್<ಚಾರ್…>> ಕಾನ್ಸ್ಟ್*, ಎಸ್‌ಟಿಡಿ::ವೆಕ್ಟರ್<…> ಕಾನ್ಸ್ಟ್*, ಬೂಲ್)

ಟೆಸೆರಾಕ್ಟ್ ಶುರು ಮಾಡೋ ಫಂಕ್ಷನ್ ಇನಿಟ್, ಅದು ಸಿಗ್ಲಿಲ್ಲ ಅಂತ. ಇದೊಂದೇ ಎರರ್. ಇಡೀ ಪ್ರಾಜೆಕ್ಟ್‌ಗೆ ಒಂದೇ. ಇಲ್ಲಿ ಎರಡು ವಿಷಯ ಕಣ್ಣಿಗೆ ಬೀಳಬೇಕು. ಒಂದು, ಟೆಸೆರಾಕ್ಟ್ ಲೈಬ್ರರಿ ಲಿಂಕ್ ಲೈನಲ್ಲಿ ಇಲ್ಲವೇ ಇಲ್ಲ ಅನ್ನೋದಾದ್ರೆ ಕನ್‌ಸ್ಟ್ರಕ್ಟರ್, ಸೆಟ್‌ಇಮೇಜ್, ಗೆಟ್‌ಯುಟಿಎಫ್8ಟೆಕ್ಸ್ಟ್, ಎಂಡ್ ಎಲ್ಲಕ್ಕೂ ಎರರ್ ಬರ್ಬೇಕಿತ್ತು, ಬಂದಿಲ್ಲ, ಅಂದ್ರೆ ಲೈಬ್ರರಿ ಸಿಕ್ಕಿದೆ, ಅದರಲ್ಲಿ ಇದೊಂದು ಫಂಕ್ಷನ್ ಮಾತ್ರ ಈ ರೂಪದಲ್ಲಿ ಇಲ್ಲ. ಎರಡು, ನಮ್ಮ ಕೋಡಲ್ಲಿ ಇನಿಟ್‌ಗೆ ಕೊಟ್ಟಿರೋದು ಎರಡೇ ಆರ್ಗ್ಯುಮೆಂಟ್, ಡೇಟಾ ಫೋಲ್ಡರ್ ಮತ್ತು "ಕೆಎಎನ್" (ಕನ್ನಡದ ಭಾಷಾ ಕೋಡ್). ಎಂಟು ಪ್ಯಾರಾಮೀಟರ್, ಅದರಲ್ಲಿ ಎರಡು ವೆಕ್ಟರ್, ಎಲ್ಲಿಂದ ಬಂದ್ವು?

ಹೆಡರ್ (ಲೈಬ್ರರಿಯ ಫಂಕ್ಷನ್‌ಗಳ ವಿವರ ಇರೋ ಫೈಲ್) ತೆಗೆದು ನೋಡಿದ್ರೆ ಗೊತ್ತಾಗತ್ತೆ. ಎರಡು ಆರ್ಗ್ಯುಮೆಂಟ್‌ನ ಇನಿಟ್ ಅನ್ನೋದು ಬೇಸ್‌ಎಪಿಐ ಹೆಡರ್ ಒಳಗೇ ಇನ್‌ಲೈನ್ ಆಗಿ ಬರೆದಿರೋದು, ಅದರ ಕೆಲಸ ಏನಂದ್ರೆ ಉಳಿದಿದ್ದಕ್ಕೆ ಡೀಫಾಲ್ಟ್ ಮೋಡ್, ಸೊನ್ನೆ, ನಲ್‌ಪಿಟಿಆರ್ ತುಂಬಿ ದೊಡ್ಡ ಇನಿಟ್ ಕರೆಯೋದು ಅಷ್ಟೆ. ಇನ್‌ಲೈನ್ ಆಗಿರೋದ್ರಿಂದ ಆ ಕರೆ ನಮ್ಮ ಆಬ್ಜೆಕ್ಟ್ ಫೈಲ್ (.ಒ, ಕಂಪೈಲ್ ಆದ ತುಂಡು) ಒಳಗೆ ಬಂದು ಕೂರತ್ತೆ. ಹಾಗಾಗಿ ನಾವು ಸ್ಟ್ರಿಂಗ್ ವೆಕ್ಟರ್ ಮುಟ್ಟದೇ ಇದ್ರೂ ನಮ್ಮ .ಒ ಫೈಲ್ ಸ್ಟ್ರಿಂಗ್ ವೆಕ್ಟರ್ ತಗೊಳ್ಳೋ ಇನಿಟ್‌ನೇ ಕೇಳ್ತಿದೆ. "ನಾನು ಇದನ್ನ ಕರೆದೇ ಇಲ್ಲವಲ್ಲ" ಅಂತ ಎಷ್ಟೋ ಜನ ತಲೆ ಕೆಡಿಸಿಕೊಳ್ಳೋದು ಇಲ್ಲೇ, ಹೆಡರ್ ನಿಮ್ಮ ಪರವಾಗಿ ಕರೆದಿರತ್ತೆ.

ಈ ಹೊತ್ತಿಗೆ ಜೊತೆಗಿದ್ದ ಹುಡುಗ ಅಂತರ್ಜಾಲದಲ್ಲಿ ಹುಡುಕಿ ಬಂದ. "ಅಣ್ಣ, ಎರರ್ ಒಳಗೆ ಸಿಎಕ್ಸ್‌ಎಕ್ಸ್11 ಅಂತಿದೆಯಲ್ಲ, ಎಬಿಐ ಫ್ಲ್ಯಾಗ್ ಸೊನ್ನೆ ಮಾಡಿ ಅಂತ ಎಲ್ಲಾ ಕಡೆ ಇದೆ, ಹಾಕ್ಲಾ?"

"ಹಾಕ್ನೋಡು, ಆದ್ರೆ ಎರರ್ ಹೋಯ್ತಾ ಅಂತ ಮಾತ್ರ ನೋಡ್ಬೇಡ, ಹೆಸರು ಏನಾಯ್ತು ಅಂತ ಓದು."

ಹಾಕಿದ. ಎರರ್ ಹೋಗ್ಲಿಲ್ಲ. ಹೆಸರು ಮಾತ್ರ ಬದಲಾಯ್ತು, __ಸಿಎಕ್ಸ್‌ಎಕ್ಸ್11 ಇದ್ದ ಜಾಗದಲ್ಲಿ ಈಗ ಬರೀ ಎಸ್‌ಟಿಡಿ::ಸ್ಟ್ರಿಂಗ್. ಅಂದ್ರೆ ಲೈಬ್ರರಿಯಲ್ಲಿ ಹೊಸ ಸ್ಟ್ರಿಂಗ್‌ನ ಇನಿಟ್ಟೂ ಇಲ್ಲ, ಹಳೆ ಸ್ಟ್ರಿಂಗ್‌ದೂ ಇಲ್ಲ. ಎಬಿಐ ಅಂದ್ರೆ ಕಂಪೈಲ್ ಆದ ಕೋಡ್‌ಗಳು ಒಂದಕ್ಕೊಂದು ಹೊಂದೋ ರೀತಿ, ಈ ಫ್ಲ್ಯಾಗ್ ಬಗ್ಗೆ ಎರಡು ಮಾತು ಹೇಳ್ಲೇಬೇಕು, ಯಾಕಂದ್ರೆ ಇದನ್ನ ಕಣ್ಮುಚ್ಚಿ ಹಾಕಿ ಆಮೇಲೆ ಒದ್ದಾಡೋರು ಬಹಳ. ಸಿ++11 ಸ್ಟ್ಯಾಂಡರ್ಡ್ ಬಂದಾಗ ಸ್ಟ್ರಿಂಗ್‌ನ ಕಾಪಿ-ಆನ್-ರೈಟ್ (ಬದಲಾಯಿಸೋವರೆಗೂ ಒಂದೇ ಪ್ರತಿ ಹಂಚಿಕೊಳ್ಳೋದು) ಮಾಡೋ ಹಾಗಿಲ್ಲ ಅಂತಾಯ್ತು, ಲಿಸ್ಟ್‌ನ ಸೈಜ್ ಕೇಳಿದ್ರೆ ಎಣಿಸದೇ ತಕ್ಷಣ ಹೇಳ್ಬೇಕು ಅಂತಾಯ್ತು. ಹಾಗಾಗಿ 2015ರಲ್ಲಿ ಜಿಸಿಸಿ ಕಂಪೈಲರ್ 5.1 ಬಂದಾಗ ಸ್ಟ್ರಿಂಗ್‌ನ ಒಳರಚನೆಯೇ ಬದಲಾಯ್ತು, 64 ಬಿಟ್‌ನಲ್ಲಿ ಹಳೇದು 8 ಬೈಟ್, ಬರೀ ಒಂದು ಪಾಯಿಂಟರ್, ಹೊಸದು 32 ಬೈಟ್, ಅದರಲ್ಲಿ 15 ಅಕ್ಷರದವರೆಗೆ ಒಳಗೇ ಹಿಡಿಸತ್ತೆ. ಎರಡೂ ಒಂದೇ ಹೆಸರಲ್ಲಿ ಬೆರೆತರೆ ಮೆಮೊರಿ ಹಾಳಾಗತ್ತೆ, ಅದಕ್ಕೇ ಹೊಸದಕ್ಕೆ __ಸಿಎಕ್ಸ್‌ಎಕ್ಸ್11 ಅನ್ನೋ ಒಳ ನೇಮ್‌ಸ್ಪೇಸ್ ಕೊಟ್ಟು ಹೆಸರು ಬೇರೆ ಮಾಡಿದ್ರು, ಜಿಸಿಸಿಯ ಸಿ++ ಲೈಬ್ರರಿ ಲಿಬ್‌ಸ್ಟಡ್‌ಸಿ++ ಒಳಗೆ ಎರಡೂ ಇಟ್ಕೊಂಡ್ರು. ಒಬ್ಬರು ಹಳೆ ಎಬಿಐನಲ್ಲಿ ಬಿಲ್ಡ್ ಮಾಡಿ ಬರೀ ಬೈನರಿ ಕೊಟ್ಟಿದ್ರೆ ಆಗ ಆ ಫ್ಲ್ಯಾಗ್ ಸೊನ್ನೆ ಮಾಡೋದಕ್ಕೆ ಅರ್ಥ ಇದೆ. ಇವತ್ತಿನ ಜಿಸಿಸಿಯಲ್ಲಿ ಸ್ಟ್ರಿಂಗ್ ಇರೋ ಯಾವ ಎರರ್ ಬಂದ್ರೂ ಈ ಗುರುತು ಅದರಲ್ಲಿ ಇದ್ದೇ ಇರತ್ತೆ, ಗುರುತು ಇದೆ ಅಂದ ಮಾತ್ರಕ್ಕೆ ರೋಗ ಅದೇ ಅಂತಲ್ಲ. ಫ್ಲ್ಯಾಗ್ ತೆಗೆಸಿದೆ.

ಲಿಂಕರ್ ಎರರ್ ಯಾವಾಗ್ಲೂ ಅರ್ಧ ಮಾತೇ ಹೇಳೋದು: ಏನು ಕೇಳಿದ್ರು ಅಂತ ಹೇಳತ್ತೆ, ಏನು ಇತ್ತು ಅಂತ ಹೇಳಲ್ಲ. ಇನ್ನರ್ಧ ನಾವೇ ಹೋಗಿ ನೋಡ್ಬೇಕು. ನೋಡೋಕೆ ಎನ್‌ಎಂ ಸಾಕು, ಫೈಲ್ ಒಳಗಿನ ಸಿಂಬಲ್‌ಗಳನ್ನ (ಫಂಕ್ಷನ್ ಮುಂತಾದವುಗಳ ಹೆಸರು) ಪಟ್ಟಿ ಮಾಡೋ ಟೂಲ್ ಅದು. ನಮ್ಮ ಆಬ್ಜೆಕ್ಟ್ ಫೈಲ್ ಮೇಲೆ ದೊಡ್ಡ ಸಿ ಆಪ್ಷನ್ ಕೊಟ್ಟು ಓಡಿಸಿದ್ರೆ ಹೆಸರುಗಳು ಓದೋ ಹಾಗೆ ಬರ್ತವೆ, ಪಕ್ಕದಲ್ಲಿ ಯು ಅಂತ ಇರೋದು ಹೊರಗಿಂದ ಬೇಕಾಗಿರೋದು. ಆಮೇಲೆ ಲೈಬ್ರರಿ ಮೇಲೆ. ಇಲ್ಲೊಂದು ಗಮನಿಸಿ, ಡಿಸ್ಟ್ರೋ ಕೊಡೋ .ಎಸ್‌ಒ ಮೇಲೆ ಸುಮ್ನೆ ಎನ್‌ಎಂ ಓಡಿಸಿದ್ರೆ "ನೋ ಸಿಂಬಲ್ಸ್" ಅನ್ನತ್ತೆ, ಅದು ಖಾಲಿ ಅಂತಲ್ಲ, ಸ್ಟ್ರಿಪ್ ಮಾಡಿರ್ತಾರೆ ಅಷ್ಟೆ, ದೊಡ್ಡ ಡಿ ಹಾಕಿ ಡೈನಾಮಿಕ್ ಸಿಂಬಲ್ ಟೇಬಲ್ ಕೇಳ್ಬೇಕು. ಕೇಳಿದಾಗ ಇನಿಟ್ ಇತ್ತು. ಟಿ (ಇಲ್ಲೇ ಇದೆ) ಅಂತ ಗುರುತಿನ ಜೊತೆ, ಟೆಸ್‌ಬೇಸ್‌ಎಪಿಐ::ಇನಿಟ್, ಮೊದಲ ಐದು ಪ್ಯಾರಾಮೀಟರ್ ಒಂದಕ್ಷರ ವ್ಯತ್ಯಾಸ ಇಲ್ಲದೆ ಅವೇ, ಆಮೇಲೆ ವೆಕ್ಟರ್ ಬದಲು ಜೆನೆರಿಕ್‌ವೆಕ್ಟರ್<ಸ್ಟ್ರಿಂಗ್>, ಆ ಸ್ಟ್ರಿಂಗ್ ಪೂರ್ತಿ ದೊಡ್ಡಕ್ಷರದಲ್ಲಿ.

ಅಲ್ಲಿಗೆ ವಿಷಯ ಸ್ಪಷ್ಟ ಆಯ್ತು. ಜೆನೆರಿಕ್‌ವೆಕ್ಟರ್, ದೊಡ್ಡಕ್ಷರದ ಸ್ಟ್ರಿಂಗ್ ಎರಡೂ ಟೆಸೆರಾಕ್ಟ್‌ನ ಸ್ವಂತ ಟೈಪ್‌ಗಳು. ಟೆಸೆರಾಕ್ಟ್ ಹುಟ್ಟಿದ್ದು 1980ರ ದಶಕದಲ್ಲಿ ಎಚ್‌ಪಿ ಲ್ಯಾಬ್‌ನಲ್ಲಿ, ಸಿ++ಗೆ ಸ್ಟ್ಯಾಂಡರ್ಡ್ ಲೈಬ್ರರಿ ಅಂತ ಬರೋಕೆ ಮುಂಚೆ, ಹಾಗಾಗಿ ಅವರದೇ ಸ್ಟ್ರಿಂಗು, ಅವರದೇ ವೆಕ್ಟರ್ರು ಬಹಳ ಕಾಲ ಉಳ್ಕೊಂಡಿದ್ವು. 5.0ರಲ್ಲಿ ಪಬ್ಲಿಕ್ ಎಪಿಐನಿಂದ ಅವನ್ನ ತೆಗೆದು ಸ್ಟ್ಯಾಂಡರ್ಡ್ ಟೈಪ್ ಹಾಕಿದ್ರು. ಒಳ್ಳೇ ಬದಲಾವಣೆ, ಮೇಜರ್ ಆವೃತ್ತಿ ಅಂದ್ರೆ ಮಾಡ್ಬೇಕಾದ್ದೇ ಅದು. ಅಂದ್ರೆ ನಮ್ಮ ಹೆಡರ್ 5ನೇದು, ಲಿಂಕ್ ಆಗ್ತಿರೋ ಲೈಬ್ರರಿ 4ನೇದು.

ಹಾಗಾದ್ರೆ ಉಳಿದ ಫಂಕ್ಷನ್‌ಗಳು ಹೇಗೆ ಸಿಕ್ವು? ಸಿ++ನಲ್ಲಿ ಲಿಂಕರ್ ಕೈಗೆ ಹೋಗೋ ಹೆಸರು ಮ್ಯಾಂಗಲ್ ಆಗಿರತ್ತೆ (ಟೈಪ್‌ಗಳನ್ನೂ ಸೇರಿಸಿ ಒಂದೇ ಪದ ಮಾಡಿರತ್ತೆ), ಅದನ್ನ ಒಂದ್ಸಲ ಹತ್ತಿರದಿಂದ ನೋಡಿದ್ರೆ ಭಯ ಹೋಗತ್ತೆ. ಅಂಡರ್‌ಸ್ಕೋರ್ ಝಡ್ ಎನ್ ಅಂತ ಶುರು, ಆಮೇಲೆ 9 ಅಂತ ಬರೆದು ಟೆಸೆರಾಕ್ಟ್, ಯಾಕಂದ್ರೆ ಇಂಗ್ಲಿಷಲ್ಲಿ ಒಂಬತ್ತು ಅಕ್ಷರ, ಆಮೇಲೆ 11 ಅಂತ ಬರೆದು ಟೆಸ್‌ಬೇಸ್‌ಎಪಿಐ, ಆಮೇಲೆ 4 ಅಂತ ಬರೆದು ಇನಿಟ್. ಅದಾದ್ಮೇಲೆ ಪ್ಯಾರಾಮೀಟರ್ ಟೈಪ್‌ಗಳು ಒಂದರ ಹಿಂದೆ ಒಂದು. 4ನೇ ಆವೃತ್ತಿಯಲ್ಲಿ ಅಲ್ಲಿ 13 ಅಂತ ಬರೆದು ಜೆನೆರಿಕ್‌ವೆಕ್ಟರ್, 6 ಅಂತ ಬರೆದು ಸ್ಟ್ರಿಂಗ್ ಇರತ್ತೆ, 5ರಲ್ಲಿ ಸ್ಟ್ಯಾಂಡರ್ಡ್ ವೆಕ್ಟರ್. ಸಾಮಾನ್ಯ ಫಂಕ್ಷನ್‌ಗಳಿಗೆ ರಿಟರ್ನ್ ಟೈಪ್ ಹೆಸರೊಳಗೆ ಸೇರೋದೇ ಇಲ್ಲ. ಸೆಟ್‌ಇಮೇಜ್ ತಗೊಳ್ಳೋದು ಪಿಕ್ಸ್ ಪಾಯಿಂಟರ್, ಗೆಟ್‌ಯುಟಿಎಫ್8ಟೆಕ್ಸ್ಟ್‌ಗೆ ಪ್ಯಾರಾಮೀಟರೇ ಇಲ್ಲ, ಹಾಗಾಗಿ ಎರಡೂ ಆವೃತ್ತಿಯಲ್ಲಿ ಅವುಗಳ ಹೆಸರು ಅಕ್ಷರಶಃ ಒಂದೇ. ಲಿಂಕರ್ ನೋಡೋದು ಹೆಸರು ಮಾತ್ರ, ಹೆಸರು ಕೂಡಿದ್ರೆ ಅದಕ್ಕೆ ಸಮಾಧಾನ.

ಈ ಎರರ್ ಬಂದಿದ್ದು ನಮಗೆ ಒಳ್ಳೇದೇ ಆಯ್ತು ಅಂತ ನಾನು ಖಂಡಿತ ಹೇಳ್ತೀನಿ. ಟೆಸ್‌ಬೇಸ್‌ಎಪಿಐ ಆಬ್ಜೆಕ್ಟ್‌ನ ನಾವು ಸ್ಟ್ಯಾಕ್ ಮೇಲೆ ಮಾಡ್ತಿದ್ವಿ, ಅದಕ್ಕೆ ಎಷ್ಟು ಜಾಗ ಅಂತ ನಿರ್ಧರಿಸೋದು 5ರ ಹೆಡರ್, ಅದರೊಳಗೆ ಬರೆಯೋ ಕನ್‌ಸ್ಟ್ರಕ್ಟರ್ 4ರ ಲೈಬ್ರರಿದು, ಮೆಂಬರ್‌ಗಳ ಜೋಡಣೆ ಎರಡರಲ್ಲೂ ಒಂದೇ ಅಲ್ಲ. ಇನಿಟ್‌ನ ಪ್ಯಾರಾಮೀಟರ್ ಟೈಪ್‌ಗಳು ಬದಲಾಗದೇ ಇದ್ದಿದ್ರೆ ಇಡೀದು ಸದ್ದಿಲ್ಲದೆ ಲಿಂಕ್ ಆಗಿ, ಯಾವಾಗ್ಲೋ ಒಂದು ಪುಟದ ಮೇಲೆ ಸೆಗ್‌ಫಾಲ್ಟ್ ಆಗಿ (ತಪ್ಪು ಮೆಮೊರಿ ಮುಟ್ಟಿ ಪ್ರೋಗ್ರಾಂ ಬಿದ್ದು), ನಾವು ಕನ್ನಡ ಟ್ರೈನಿಂಗ್ ಡೇಟಾ ಮೇಲೆ ಅನುಮಾನ ಪಟ್ಕೊಂಡು ಕೂತಿರ್ತಿದ್ವಿ.

ಇನ್ನು ಹೆಡರ್ ಒಂದು ಕಡೆಯಿಂದ, ಲೈಬ್ರರಿ ಇನ್ನೊಂದು ಕಡೆಯಿಂದ ಬಂದಿದ್ದು ಹೇಗೆ ಅನ್ನೋದು. ಹೆಡರ್ ಹುಡುಕುವಾಗ ಲೋಕಲ್ ಫೋಲ್ಡರ್‌ಗೇ ಮೊದಲ ಆದ್ಯತೆ, ಆದ್ರೆ ಲೈಬ್ರರಿ ಹುಡುಕುವಾಗ ಉಬುಂಟುವಿನ ಜಿಸಿಸಿ ಸಿಸ್ಟಂ ಫೋಲ್ಡರ್ ಮೊದಲು ನೋಡತ್ತೆ, ಹಾಗಾಗಿ ಕೈಯಾರೆ ಸಣ್ಣ ಎಲ್ ಆಪ್ಷನ್ ಹಾಕಿ ಬಿಲ್ಡ್ ಮಾಡಿದ್ರೂ ಈ ತೊಂದರೆ ಬರಬಹುದು. ಕಂಪೈಲರ್‌ಗೆ ದೊಡ್ಡ ಎಚ್ ಆಪ್ಷನ್ ಕೊಟ್ರೆ ಯಾವ ಯಾವ ಹೆಡರ್ ತೆಗೀತು ಅಂತ ಪೂರ್ತಿ ದಾರಿ ಸಮೇತ ಹೇಳತ್ತೆ, ಲಿಂಕರ್‌ಗೆ ಟ್ರೇಸ್ ಆಪ್ಷನ್ ಕೊಟ್ರೆ ಯಾವ ಫೈಲ್ ತೆಗೀತು ಅಂತ ಹೇಳತ್ತೆ. ಮೊದಲನೇದು /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್ ಅಂತು, ಎರಡನೇದು /ಯುಎಸ್‌ಆರ್/ಲಿಬ್ ಕೆಳಗಿನ ಸಿಸ್ಟಂ ಲೈಬ್ರರಿ ತೋರಿಸ್ತು. ನಮ್ಮಲ್ಲಿ ಕಾರಣ ಸಿಮೇಕ್ (ಬಿಲ್ಡ್ ಹೊಂದಿಸೋ ಟೂಲ್) ಕ್ಯಾಶ್. ಬಿಲ್ಡ್ ಫೋಲ್ಡರ್ 5 ಬರೋಕೆ ಮುಂಚಿಂದು, ಆಗ ಫೈಂಡ್_ಲೈಬ್ರರಿ ಹುಡುಕಿ 4ರ ಪೂರ್ತಿ ದಾರಿಯನ್ನ ಸಿಮೇಕ್‌ಕ್ಯಾಶ್ ಫೈಲಲ್ಲಿ ಬರೆದಿಟ್ಟಿತ್ತು, ಒಂದ್ಸಲ ಸಿಕ್ಕಿದ್ಮೇಲೆ ಅದು ಮತ್ತೆ ಹುಡುಕೋದಿಲ್ಲ. ಹೆಡರ್‌ದೂ ಹಾಗೇ ಬರೆದಿಟ್ಟಿತ್ತು, /ಯುಎಸ್‌ಆರ್/ಇನ್‌ಕ್ಲೂಡ್ ಅಂತ, ಆದ್ರೆ ಅದು ಕಂಪೈಲರ್ ತಾನಾಗೇ ನೋಡೋ ಜಾಗ ಆಗಿರೋದ್ರಿಂದ ಸಿಮೇಕ್ ಅದನ್ನ ಕಮಾಂಡ್ ಲೈನಿಂದ ಬಿಟ್ಟುಬಿಡತ್ತೆ. ಬಿಟ್ಟಾಗ ಕಂಪೈಲರ್ ತನ್ನ ಕ್ರಮದಲ್ಲಿ ಹುಡುಕತ್ತೆ, ಆ ಕ್ರಮದಲ್ಲಿ ಲೋಕಲ್ ಮೊದಲು. ಹೀಗೆ ಕ್ಯಾಶ್‌ನಲ್ಲಿ ಎರಡೂ 4ರದ್ದೇ ಇದ್ರೂ ನಿಜವಾಗಿ ಬಂದಿದ್ದು ಒಂದು 5, ಒಂದು 4. ಕ್ಯಾಶ್ ಫೈಲ್ ಮಾತ್ರ ಓದಿದ್ದವರಿಗೆ ಇದು ಯಾವತ್ತೂ ಕಾಣ್ತಿರ್ಲಿಲ್ಲ.

ಹುಡುಗ ಅಷ್ಟರಲ್ಲಿ ಹಳೆ ಡೆವ್ ಪ್ಯಾಕೇಜ್ ತೆಗೆದ, ಬೇರೆ ಟೂಲ್‌ಗಳಿಗೆ ಬೇಕಾಗಿದ್ದು ರನ್‌ಟೈಮ್ ಪ್ಯಾಕೇಜ್ ಮಾತ್ರ, ಅದು ಹಾಗೇ ಉಳೀತು. ಆಗ ಮೇಕ್ ಹೊಸ ಮಾತು ಶುರು ಮಾಡ್ತು: ಲಿಬ್‌ಟೆಸೆರಾಕ್ಟ್.ಎಸ್‌ಒ ಮಾಡೋಕೆ ರೂಲ್ ಇಲ್ಲ ಅಂತ. ಅದೂ ಕ್ಯಾಶ್‌ದೇ ಪುರಾವೆ, ಇಲ್ಲದ ಫೈಲ್‌ನ ದಾರಿ ಇನ್ನೂ ಹಿಡ್ಕೊಂಡಿದೆ. ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ ಹೊಸದಾಗಿ ಕಾನ್ಫಿಗರ್ ಮಾಡಿದ್ವಿ (ಸಿಮೇಕ್ 3.24ರಿಂದ ಇದಕ್ಕೆ ಫ್ರೆಶ್ ಅಂತ ಆಪ್ಷನ್ ಇದೆ, ಉಬುಂಟು 22.04ರ ಸಿಮೇಕ್ 3.22, ಅದರಲ್ಲಿಲ್ಲ). ಜೊತೆಗೆ ಫೈಂಡ್_ಪಾತ್, ಫೈಂಡ್_ಲೈಬ್ರರಿ ಅಂತ ಬೇರೆ ಬೇರೆ ಬರೆದಿದ್ದ ಸಾಲುಗಳನ್ನ ತೆಗೆದು ಟೆಸೆರಾಕ್ಟ್ 5 ತಾನೇ ಕೊಡೋ ಸಿಮೇಕ್ ಕಾನ್ಫಿಗ್ ಬಳಸಿ ಅದರ ಟಾರ್ಗೆಟ್‌ಗೆ ಲಿಂಕ್ ಮಾಡಿದ್ವಿ. ಹೀಗೆ ಮಾಡಿದ್ರೆ ಹೆಡರ್ರು, ಲೈಬ್ರರಿ ಎರಡೂ ಒಂದೇ ಇನ್‌ಸ್ಟಾಲ್‌ನಿಂದ ಬರ್ತವೆ, ನನ್ನ ಪ್ರಕಾರ ಇದೇ ನಿಜವಾದ ರಿಪೇರಿ, ಪ್ಯಾಕೇಜ್ ತೆಗೆದದ್ದು ಬರೀ ಸ್ವಚ್ಛತೆ. ಲಿಂಕ್ ಆಯ್ತು. ಓಡಿಸುವಾಗ ಲಿಬ್‌ಟೆಸೆರಾಕ್ಟ್.ಎಸ್‌ಒ.5 ಸಿಗ್ತಿಲ್ಲ ಅಂತು, ಅದು ಲಿಂಕರ್ ವಿಷಯ ಅಲ್ಲ, ಓಡುವಾಗ ಲೈಬ್ರರಿ ತರೋ ಲೋಡರ್‌ದು, ಅದರ ಲೈಬ್ರರಿ ಪಟ್ಟಿ ಹೊಸದು ಮಾಡೋ ಎಲ್‌ಡಿಕಾನ್ಫಿಗ್ ಓಡಿಸಿದ್ರೆ ಮುಗೀತು.

ಎರಡನೇ ತೊಂದರೆ ಬಂದಿದ್ದು ಇನ್ನೊಂದು ಬೇಡಿಕೆಯಿಂದ. ನಮ್ಮ .ಎಸ್‌ಒ ತಗೊಂಡು ಹೋಗಿ ಬೇರೆ ಮಷೀನಲ್ಲಿ ಇಟ್ಟರೆ ಅಲ್ಲಿ ಟೆಸೆರಾಕ್ಟ್ ಇರ್ಲಿ ಬಿಡ್ಲಿ ಓಡ್ಬೇಕು, ಹಾಗಾಗಿ ಟೆಸೆರಾಕ್ಟ್, ಲೆಪ್ಟೋನಿಕಾ ಎರಡನ್ನೂ ಸ್ಟ್ಯಾಟಿಕ್ ಆಗಿ ಬಿಲ್ಡ್ ಮಾಡಿ ಒಳಗೇ ಸೇರಿಸೋದು. ತಕ್ಷಣ ಬಂತು: ರಿಲೊಕೇಷನ್ ಆರ್_ಎಕ್ಸ್86_64_ಪಿಸಿ32, ಶೇರ್ಡ್ ಆಬ್ಜೆಕ್ಟ್ ಮಾಡುವಾಗ ಬಳಸೋ ಹಾಗಿಲ್ಲ, -ಎಫ್‌ಪಿಕ್ (ಮೆಮೊರಿಯಲ್ಲಿ ಎಲ್ಲಿಟ್ರೂ ಓಡೋ ಕೋಡ್ ಮಾಡೋ ಫ್ಲ್ಯಾಗ್) ಹಾಕಿ ಮತ್ತೆ ಕಂಪೈಲ್ ಮಾಡಿ. ಇದು ಮಾತ್ರ ಲಿಂಕರ್ ಹೇಳಿದ ಹಾಗೇ ಮಾಡಿದ್ರೆ ಸಾಕಾಗೋ ಎರರ್. ಜನ ತಪ್ಪು ತಿಳ್ಕೊಳ್ಳೋದು ಒಂದೇ ಕಡೆ, ಫ್ಲ್ಯಾಗ್ ಹಾಕ್ಬೇಕಾದ್ದು ನಮ್ಮ ಕೋಡ್‌ಗಲ್ಲ, ಆ .ಎ ಫೈಲ್ (ಸ್ಟ್ಯಾಟಿಕ್ ಲೈಬ್ರರಿ, ಅಂದ್ರೆ ಆರ್ಕೈವ್) ಒಳಗಿನ ಕೋಡ್‌ಗೆ. ಉಬುಂಟುವಿನ ಜಿಸಿಸಿ ಡೀಫಾಲ್ಟ್ ಆಗಿ ಪೈ ಮೋಡಲ್ಲಿ ಕಂಪೈಲ್ ಮಾಡತ್ತೆ, ಅದು ಎಕ್ಸಿಕ್ಯೂಟಬಲ್‌ಗೆ ಸಾಕು, ಶೇರ್ಡ್ ಲೈಬ್ರರಿಗೆ ಸಾಲದು. ಎರಡೂ ಲೈಬ್ರರಿಗೆ ಸಿಮೇಕ್‌ನ ಪೊಸಿಷನ್ ಇಂಡಿಪೆಂಡೆಂಟ್ ಕೋಡ್ ಆನ್ ಮಾಡಿ ಮತ್ತೆ ಬಿಲ್ಡ್ ಮಾಡಿದ್ವಿ, ಹೋಯ್ತು.

ಮೂರನೇದು ಎರರ್ ಇಲ್ಲದ ತೊಂದರೆ, ಅದಕ್ಕೇ ಕಷ್ಟದ್ದು. .ಎಸ್‌ಒ ಲಿಂಕ್ ಆಯ್ತು, ಚಕಾರ ಇಲ್ಲ. ಪೈಥಾನ್‌ನಲ್ಲಿ ಸಿಟೈಪ್ಸ್ (ಸಿ ಲೈಬ್ರರಿ ಕರೆಯೋ ಮಾಡ್ಯೂಲ್) ಮೂಲಕ ತೆಗೆದ್ರೆ "ಅನ್‌ಡಿಫೈನ್ಡ್ ಸಿಂಬಲ್: ಟಿಐಎಫ್‌ಎಫ್‌ಕ್ಲೈಂಟ್‌ಓಪನ್". ಅದು ಟಿಫ್ ಅನ್ನೋ ಚಿತ್ರದ ಲೈಬ್ರರಿದು, ಲಿಂಕ್ ಲೈನಲ್ಲಿ -ಎಲ್‌ಟಿಫ್ ಇದೆ, ಕಣ್ಣಿಗೆ ಕಾಣ್ತಿದೆ. ಅದೇ ಸಾಲು ಡೆಬಿಯನ್ ಇದ್ದ ಇನ್ನೊಂದು ಮಷೀನಲ್ಲಿ ಕೆಲಸ ಮಾಡ್ತಿದೆ! ಇಲ್ಲಿ ಎರಡು ನಿಯಮ ಸೇರ್ಕೊಂಡಿದ್ವು. ಮೊದಲನೇದು, ಶೇರ್ಡ್ ಲೈಬ್ರರಿ ಮಾಡುವಾಗ ಸಿಂಬಲ್ ಸಿಗದಿದ್ರೂ ಲಿಂಕರ್ ಡೀಫಾಲ್ಟ್ ಆಗಿ ಸುಮ್ನಿರತ್ತೆ, ಓಡುವಾಗ ಯಾರಾದ್ರೂ ಕೊಡ್ತಾರೆ ಅಂತ. ಎರಡನೇದು, ಉಬುಂಟು 11.10ರಿಂದ ಲಿಂಕರ್‌ಗೆ ಆಸ್-ನೀಡೆಡ್ (ಬೇಕಾದ ಲೈಬ್ರರಿ ಮಾತ್ರ ಇಟ್ಕೊ ಅಂತ) ಡೀಫಾಲ್ಟ್ ಆಗಿ ಹೋಗತ್ತೆ, ಡೆಬಿಯನ್‌ನಲ್ಲಿ ಹಾಗಿಲ್ಲ. ನಮ್ಮ ಸಾಲಲ್ಲಿ ಟಿಫ್, ಪಿಎನ್‌ಜಿ, ಜೆಪೆಗ್ ಮೊದಲು ಬಂದು ಲೆಪ್ಟೋನಿಕಾದ .ಎ ಆಮೇಲೆ ಬರ್ತಿತ್ತು. ಲಿಂಕರ್ ಎಡದಿಂದ ಬಲಕ್ಕೆ ಓದ್ಕೊಂಡು ಹೋಗತ್ತೆ, ಟಿಫ್ ಎದುರಾದ ಹೊತ್ತಲ್ಲಿ ಅದರಿಂದ ಯಾರಿಗೂ ಏನೂ ಬೇಕಾಗಿರ್ಲಿಲ್ಲ, ಬೇಡ ಅಂತ ಕೈಬಿಡ್ತು, ಲೆಪ್ಟೋನಿಕಾ ಬಂದು ಕೇಳೋ ಹೊತ್ತಿಗೆ ಟಿಫ್ ಸರದಿ ಮುಗಿದುಹೋಗಿತ್ತು. ರೀಡ್‌ಎಲ್ಫ್‌ಗೆ ಸಣ್ಣ ಡಿ ಕೊಟ್ಟು ನೋಡಿದ್ರೆ ನೀಡೆಡ್ ಪಟ್ಟಿಯಲ್ಲಿ (ಓಡೋಕೆ ಬೇಕಾದ ಲೈಬ್ರರಿಗಳ ಪಟ್ಟಿ) ಟಿಫ್ ಇಲ್ಲವೇ ಇಲ್ಲ. ಸ್ಟ್ಯಾಟಿಕ್ ಆರ್ಕೈವ್‌ಗಳಿಗೂ ಇದೇ ಲೆಕ್ಕ, ಆ ಕ್ಷಣಕ್ಕೆ ಬೇಕಾದ ಆಬ್ಜೆಕ್ಟ್ ಮಾತ್ರ ಎತ್ಕೊಂಡು ಮುಂದೆ ಹೋಗತ್ತೆ. ಹಾಗಾಗಿ ಕೇಳೋರು ಮೊದಲು, ಕೊಡೋರು ಆಮೇಲೆ: ನಮ್ಮ ಆಬ್ಜೆಕ್ಟ್‌ಗಳು, ಟೆಸೆರಾಕ್ಟ್, ಲೆಪ್ಟೋನಿಕಾ, ಟಿಫ್, ವೆಬ್‌ಪಿ, ಪಿಎನ್‌ಜಿ, ಜೆಪೆಗ್, ಕೊನೆಗೆ ಝಡ್‌ಲಿಬ್. ಪಿಕೆಜಿ-ಕಾನ್ಫಿಗ್‌ಗೆ ಸ್ಟ್ಯಾಟಿಕ್ ಅಂತ ಹೇಳಿ ಕೇಳಿದ್ರೆ ಇದರ ಬಹುಪಾಲು ಅದೇ ಹೇಳಿಕೊಡತ್ತೆ. ಸ್ಟಾರ್ಟ್-ಗ್ರೂಪ್ ಹಾಕಿ ಎಲ್ಲಾನೂ ಒಂದು ಸುತ್ತಲ್ಲಿ ತುರುಕೋದು ನನಗೆ ಇಷ್ಟ ಇಲ್ಲ, ಎರಡು ಆರ್ಕೈವ್ ನಿಜವಾಗ್ಲೂ ಒಂದಕ್ಕೊಂದು ಕೇಳ್ತಿದ್ರೆ ಸರಿ, ಇಲ್ಲಾಂದ್ರೆ ಯಾರು ಯಾರನ್ನ ಅವಲಂಬಿಸಿದಾರೆ ಅನ್ನೋದೇ ಮರೆಯಾಗತ್ತೆ.

ಕ್ರಮ ಸರಿ ಮಾಡೋ ಜೊತೆಗೇ ಲಿಂಕರ್‌ಗೆ ನೋ-ಅನ್‌ಡಿಫೈನ್ಡ್ ಕೊಟ್ವಿ, ಸಿಗದ ಸಿಂಬಲ್ ಇದ್ರೆ ಇಲ್ಲೇ ನಿಲ್ಲು ಅಂತ. ಕೊಟ್ಟ ತಕ್ಷಣ ಅಡಗಿದ್ದವೆಲ್ಲ ಹೊರಬಂದ್ವು. ಕರ್ಲ್_ಈಸಿ_ಇನಿಟ್, ಆರ್ಕೈವ್_ರೀಡ್_ನ್ಯೂ, ಜಿಒಎಂಪಿ_ಪ್ಯಾರಲಲ್. ಮೊದಲೆರಡು ಬಂದಿದ್ದು ಯಾಕಂದ್ರೆ ಟೆಸೆರಾಕ್ಟ್ ಬಿಲ್ಡ್ ಮಾಡಿದ ಮಷೀನಲ್ಲಿ ಲಿಬ್‌ಕರ್ಲ್, ಲಿಬ್‌ಆರ್ಕೈವ್ ಇದ್ವು, ಅದು ನೋಡಿ ಸೇರಿಸ್ಕೊಂಡಿದೆ. ಯುಆರ್‌ಎಲ್‌ನಿಂದ ಚಿತ್ರ ತರೋದು ನಮಗೆ ಬೇಕಿಲ್ಲ, ಟ್ರೈನಿಂಗ್ ಡೇಟಾ ಜಿಪ್ ಒಳಗಿಂದ ಓದೋದೂ ಬೇಕಿಲ್ಲ, ಟೆಸೆರಾಕ್ಟ್‌ನ ಸಿಮೇಕ್‌ನಲ್ಲಿ ಡಿಸೇಬಲ್_ಕರ್ಲ್, ಡಿಸೇಬಲ್_ಆರ್ಕೈವ್ ಎರಡೂ ಆನ್ ಮಾಡಿ ಮತ್ತೆ ಬಿಲ್ಡ್ ಮಾಡಿದ್ವಿ, ಬೇಡದ ಲೈಬ್ರರಿ ಹುಡುಕಿ ಸೇರಿಸೋದಕ್ಕಿಂತ ಬೇಡಿಕೆಯನ್ನೇ ತೆಗೆಯೋದು ವಾಸಿ. ಮೂರನೇದು ಓಪನ್‌ಎಂಪಿದು (ಕೆಲಸನ ಹಲವು ಥ್ರೆಡ್‌ಗೆ ಹಂಚೋದು), ಲಿಂಕ್ ಮಾಡುವಾಗ -ಎಫ್‌ಓಪನ್‌ಎಂಪಿ ಸೇರಿಸಿದ್ರೆ ಲಿಬ್‌ಗಾಂಪ್ ತಾನಾಗೇ ಬರತ್ತೆ.

ಆಮೇಲೆ ನಮ್ಮ .ಎಸ್‌ಒ ಮೇಲೆ ಮತ್ತೆ ಎನ್‌ಎಂ ಓಡಿಸಿದಾಗ ಟೆಸೆರಾಕ್ಟ್, ಲೆಪ್ಟೋನಿಕಾದ ಸಾವಿರಾರು ಹೆಸರು ಹೊರಗೆ ಕಾಣ್ತಿದ್ವು. ಇದನ್ನ ಹಾಗೇ ಬಿಟ್ರೆ ಅದೇ ಪೈಥಾನ್ ಪ್ರೋಸೆಸ್ ಒಳಗೆ ಇನ್ಯಾವುದೋ ಮಾಡ್ಯೂಲ್ ಬೇರೆ ಆವೃತ್ತಿಯ ಟೆಸೆರಾಕ್ಟ್ ತಂದಾಗ ಒಬ್ಬರ ಸಿಂಬಲ್ ಇನ್ನೊಬ್ಬರಿಗೆ ಸಿಗೋ ಅಪಾಯ ಇದೆ, ಅಂದ್ರೆ ಶುರುವಿನ 4-5 ಬೆರಕೆಯೇ ಓಡುವಾಗ ಮತ್ತೆ ಬರತ್ತೆ, ಈ ಸಲ ತಡೆಯೋಕೆ ಲಿಂಕರ್ ಇರಲ್ಲ. ಎಕ್ಸ್‌ಕ್ಲೂಡ್-ಲಿಬ್ಸ್‌ಗೆ ಆಲ್ ಅಂತ ಕೊಟ್ಟು ಸ್ಟ್ಯಾಟಿಕ್ ಆಗಿ ಸೇರಿದ್ದನ್ನೆಲ್ಲ ಮುಚ್ಚಿದ್ವಿ, ನಮ್ಮ ಕೋಡ್‌ಗೆ ವಿಸಿಬಿಲಿಟಿ ಹಿಡನ್ ಹಾಕಿ, ಎಕ್ಸ್‌ಟರ್ನ್ ಸಿ ಒಳಗಿನ ನಾಲ್ಕಾರು ಫಂಕ್ಷನ್ ಮಾತ್ರ ತೆರೆದಿಟ್ವಿ.

ಈಗ ಬಿಲ್ಡ್ ಸರ್ವರ್‌ನಲ್ಲಿ ಪ್ರತಿ ಸಲ ಮೂರು ನೋಡ್ತೀವಿ: ಎನ್‌ಎಂ ಪಟ್ಟಿಯಲ್ಲಿ ನಮ್ಮ ಫಂಕ್ಷನ್ ಬಿಟ್ಟು ಬೇರೆ ಹೆಸರು ಹೊರಗೆ ಕಾಣ್ತಿದ್ರೆ ಬಿಲ್ಡ್ ಫೇಲ್, ರೀಡ್‌ಎಲ್ಫ್‌ನ ನೀಡೆಡ್ ಪಟ್ಟಿಯಲ್ಲಿ ನಿರೀಕ್ಷೆ ಇಲ್ಲದ ಲೈಬ್ರರಿ ಬಂದ್ರೂ ಫೇಲ್, ಕೊನೆಗೆ ಟೆಸೆರಾಕ್ಟ್ ಇಲ್ಲದ ಖಾಲಿ ಕಂಟೇನರ್‌ನಲ್ಲಿ, ನೀಡೆಡ್ ಪಟ್ಟಿಯಲ್ಲಿರೋದನ್ನ ಮಾತ್ರ ಹಾಕಿ, ಒಂದು ಕನ್ನಡ ಪುಟ ಓದಿಸೋದು. ಬಹಳ ಪುಟಗಳನ್ನ ಬೇರೆ ಬೇರೆ ಪ್ರೋಸೆಸ್‌ನಲ್ಲಿ ಒಟ್ಟಿಗೆ ಓಡಿಸೋರು ಓಎಂಪಿ_ಥ್ರೆಡ್_ಲಿಮಿಟ್ 1 ಅಂತ ಇಟ್ಟು ಓಡಿಸಿ, ಇಲ್ಲಾಂದ್ರೆ ಪ್ರತಿ ಪ್ರೋಸೆಸ್ಸೂ ತನ್ನ ಥ್ರೆಡ್‌ಗಳನ್ನ ಎಬ್ಬಿಸಿ ಸಿಪಿಯು ಕೋರ್‌ಗಳಿಗಾಗಿ ಒಂದಕ್ಕೊಂದು ಕಿತ್ತಾಡಿ ಒಟ್ಟು ಕೆಲಸವೇ ನಿಧಾನ ಆಗತ್ತೆ.